ಇದು ಎಷ್ಟು ವರ್ಷದ ಮಗುವಿಗೆ?

ತಂಗೀ, ತಮ್ಮಾ, ಮಕ್ಕಳಿಗಾಗಿ ಕಥೆ ಬರೆಯಲು ಹೊರಟಿದ್ದೀರಿ, ಸಂತೋಷ. ಹಸ್ತಪ್ರತಿ ತಂದು ಕೈಗಿಡುವ ಹುಡುಗ ಹುಡುಗಿಯರನ್ನು ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಇದು ಎಷ್ಟು ವರ್ಷದ ಮಗುವಿಗೆ? ‘ಮಕ್ಕಳಿಗೆ ಸಾರ್’ ಎಂಬ ಉತ್ತರ ಬರುತ್ತದೆ. ಮಡಿಲಲ್ಲಿ ಕೂತು ಪುಟ ಹರಿಯುವ ಮೂರು ವರ್ಷದ್ದೂ ಮಗುವೇ. ಬೆರಳಿಟ್ಟು ಅಕ್ಷರ ಕೂಡಿಸುವ ಏಳು ವರ್ಷದ್ದೂ ಮಗುವೇ. ಮೀಸೆ ಮೂಡಿತೇ ಎಂದು ದಿನಕ್ಕೆರಡು ಸಲ ಕನ್ನಡಿ ನೋಡುವ ಹದಿನಾಲ್ಕರ ಹುಡುಗನೂ ನಮ್ಮ ಪುಸ್ತಕದಂಗಡಿಗಳ ಲೆಕ್ಕದಲ್ಲಿ ಮಗುವೇ. ಮೂವರಿಗೂ ಒಂದೇ ಕಪಾಟು. ಅಂಗಡಿಯವರಿಗೆ ಜಾಗದ ಅಭಾವ, ಬಿಡಿ. ಬರೆಯುವವರಿಗೆ ಆ ನೆಪ ಇಲ್ಲ.

ವಯಸ್ಸಿನ ಮಾತು ಬಂದ ಕೂಡಲೇ ನಾವು ವಿಷಯಗಳಿಗೆ ಬೇಲಿ ಹಾಕಲು ಶುರುಮಾಡುತ್ತೇವೆ. ಎಳೆಯರಿಗೆ ಸಾವು ಬೇಡ, ಬಡತನ ಬೇಡ, ಜಾತಿಯ ಮಾತಂತೂ ಬೇಡವೇ ಬೇಡ. ಆದರೆ ಮಕ್ಕಳು ಬದುಕುತ್ತಿರುವುದು ಇವೆಲ್ಲ ಇರುವ ಮನೆಗಳಲ್ಲೇ. ಬಹುಪಾಲು ಸಂಗತಿಗಳನ್ನು ಯಾವ ವಯಸ್ಸಿನವರಿಗೂ ಹೇಳಬಹುದು. ಬದಲಾಗಬೇಕಾದದ್ದು ಬೇರೆ: ಕಥೆಯಲ್ಲಿ ಎಷ್ಟು ಕೆಲಸ ನೀವು ಮಾಡುತ್ತೀರಿ, ಎಷ್ಟನ್ನು ಓದುವ ಮಗುವಿಗೆ ಬಿಡುತ್ತೀರಿ ಎಂಬ ಲೆಕ್ಕ. ವಯಸ್ಸು ಏರಿದಂತೆ ನಿಮ್ಮ ಪಾಲು ಇಳಿಯಬೇಕು, ಮಗುವಿನ ಪಾಲು ಏರಬೇಕು. ನಾನು ಹೇಳಬೇಕಾದದ್ದೆಲ್ಲ ಇಷ್ಟೇ. ಮುಂದಿನದು ಇದರ ವಿವರ.

ನಾ. ಡಿಸೋಜರನ್ನು ನೋಡಿ. ಸಾಗರದವರು, ಲೋಕೋಪಯೋಗಿ ಇಲಾಖೆಯಲ್ಲಿ ನೌಕರಿ ಮಾಡಿದವರು. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಬಂದು ಊರುಗಳು ಮುಳುಗಿದ್ದನ್ನು ಹತ್ತಿರದಿಂದ ಕಂಡವರು. ಆ ಮುಳುಗಡೆಯ ಸಂಕಟದಿಂದಲೇ ದೊಡ್ಡವರಿಗೆ ‘ದ್ವೀಪ’ ಬರೆದರು. ಗಿರೀಶ ಕಾಸರವಳ್ಳಿಯವರು ಅದನ್ನು ಸಿನಿಮಾ ಮಾಡಿದರು. ಮಕ್ಕಳಿಗಾಗಿಯೂ ಅದೇ ಮುಳುಗಡೆಯನ್ನು ಎತ್ತಿಕೊಂಡು ‘ಮುಳುಗಡೆಯ ಊರಿಗೆ ಬಂದವರು’ ಬರೆದರು. ಅದಕ್ಕೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು. ಮನೆಮಠ ನೀರು ಪಾಲಾಗುವಂಥ ಭಾರದ ವಿಷಯ ಮಕ್ಕಳಿಗೆ ಬೇಡವೆಂದು ಅವರು ಕೈಬಿಡಲಿಲ್ಲ. ಎರಡನ್ನೂ ಒಂದಾದ ಮೇಲೊಂದು ಓದಿ. ನೂರು ಉಪದೇಶಕ್ಕಿಂತ ಅದು ಹೆಚ್ಚು ಕಲಿಸುತ್ತದೆ.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ಸಂಗತಿ ಇಟ್ಟುಕೊಳ್ಳೋಣ. ಬಾಗಲಕೋಟೆ ಕಡೆಯ ಹಳ್ಳಿ. ತಾಯಿ ಸತ್ತ ಆಡಿನ ಮರಿಯೊಂದನ್ನು ಮನೆಯ ಹುಡುಗ ಬಸು ಸೀಸೆಯಲ್ಲಿ ಹಾಲು ಕುಡಿಸಿ ಸಾಕುತ್ತಾನೆ. ಮರಿ ಬೆಳೆದು ಹೋತವಾಗುತ್ತದೆ. ಅಕ್ಕನ ಕಾಲೇಜಿನ ಫೀ ಕಟ್ಟುವ ದಿನ ಹತ್ತಿರ ಬರುತ್ತದೆ. ಅಪ್ಪ ಅದನ್ನು ಅಮೀನಗಡದ ಸಂತೆಗೆ ಹೊಡೆಯುವುದೆಂದು ತೀರ್ಮಾನಿಸುತ್ತಾನೆ. ಇದನ್ನೇ ನಾಲ್ಕು ವಯಸ್ಸಿನವರಿಗೆ ಹೇಗೆ ಹೇಳುವುದು?

ಮೊದಲು ಆರರೊಳಗಿನವರು. ಇವರು ಓದುವುದಿಲ್ಲ, ಕೇಳುತ್ತಾರೆ. ಪುಸ್ತಕ ಅಮ್ಮನ ಬಾಯಿಂದ, ಅಂಗನವಾಡಿ ಟೀಚರ್ ಬಾಯಿಂದ ಕಿವಿಗೆ ಬೀಳುತ್ತದೆ. ಆದ್ದರಿಂದ ನಿಮ್ಮ ಮೊದಲ ಓದುಗರು ಸುಸ್ತಾಗಿ ಮನೆಗೆ ಬಂದ ದೊಡ್ಡವರು. ಅವರ ನಾಲಿಗೆ ತೊಡರುವ ವಾಕ್ಯ ಮಗುವಿನ ಕಿವಿಯಲ್ಲೂ ತೊಡರುತ್ತದೆ. ಪಂಜೆ ಮಂಗೇಶರಾಯರು (1874–1937) ಮೇಷ್ಟರಾಗಿ, ಶಾಲಾ ಇನ್‌ಸ್ಪೆಕ್ಟರ್ ಆಗಿ ಮಕ್ಕಳ ನಡುವೆಯೇ ಇದ್ದವರು. ಅವರ ಕಥೆಗಳ ಹೆಸರನ್ನಷ್ಟೇ ಜೋರಾಗಿ ಹೇಳಿ ನೋಡಿ: ‘ಗುಡುಗುಡು ಗುಮ್ಮಟ ದೇವರು’, ‘ಇಲಿಗಳ ಥಕ ಥೈ’. ಕಥೆ ಶುರುವಾಗುವ ಮೊದಲೇ ಮಗುವಿನ ಕಾಲು ತಾಳ ಹಾಕುತ್ತದೆ.

ಈ ವಯಸ್ಸಿಗೆ ನಮ್ಮ ಆಡಿನ ಕಥೆಯಲ್ಲಿ ಸಂತೆ, ಫೀ ಬರಬೇಕಿಲ್ಲ. ಮರಿ ಕಾಣೆಯಾಗಿದೆ, ಅಷ್ಟು ಸಾಕು. ಬುಟ್ಟಿಯೊಳಗಿದೆಯಾ? ಇಲ್ಲ. ಕಣಜದ ಹಿಂದಿದೆಯಾ? ಇಲ್ಲ. ಅಜ್ಜಿಯ ಕೌದಿಯೊಳಗಿದೆಯಾ? ಮೂರನೆಯ ಸಲಕ್ಕೆ ‘ಇಲ್ಲ’ ಅನ್ನುವುದು ಮಗುವೇ. ನೀವು ಆ ಜಾಗ ಖಾಲಿ ಬಿಟ್ಟಿರಬೇಕು. ಚಿತ್ರದಲ್ಲಿ ಕೌದಿಯ ಅಂಚಿನಿಂದ ಬಾಲ ಇಣುಕುತ್ತಿದ್ದರೆ ಅದನ್ನು ಅಕ್ಷರದಲ್ಲಿ ಹೇಳಬೇಡಿ. ಕಂಡುಹಿಡಿಯುವ ಸುಖ ಮಗುವಿನದು. ಚಿತ್ರ ಹೇಳಿದ್ದನ್ನು ಮತ್ತೆ ಬರೆದವರು ಆ ಸುಖವನ್ನು ಕಸಿದುಕೊಂಡಂತೆಯೇ.

ಎಳೆಯರಿಗೆ ಭಯ ಬೇಡ ಎನ್ನುವವರಿದ್ದಾರೆ. ಬ್ರೌನಿಂಗ್‌ನ ಹ್ಯಾಮೆಲಿನ್ ಪಟ್ಟಣದ ಕಥೆಯನ್ನು ಕುವೆಂಪು ತುಂಗಾತೀರದ ಬೊಮ್ಮನಹಳ್ಳಿಗೆ ತಂದು ಕಿಂದರಿಜೋಗಿಯನ್ನು ಮಾಡಿದರು. ಇಲಿಗಳು ಹೋಗುತ್ತವೆ ಸರಿ, ಆಮೇಲೆ ಊರಿನ ಮಕ್ಕಳೇ ಅವನ ಹಿಂದೆ ಹೋಗಿಬಿಡುತ್ತಾರೆ. ಅಷ್ಟು ದಿಗಿಲಿನ ಕಥೆಯನ್ನು ತಲೆಮಾರುಗಳಿಂದ ಕನ್ನಡದ ಮಕ್ಕಳು ಕುಣಿದಾಡಿಕೊಂಡು ಹೇಳುತ್ತಿದ್ದಾರೆ. ಭಯವನ್ನು ತಡೆದುಕೊಳ್ಳಲು ಲಯ ಇತ್ತು, ಪಕ್ಕದಲ್ಲಿ ಓದಿ ಹೇಳುವ ದೊಡ್ಡವರಿದ್ದರು. ಅವೆರಡಿದ್ದರೆ ಹೆದರಿಸಿ, ಪರವಾಗಿಲ್ಲ.

ಆರರಿಂದ ಎಂಟರವರೆಗಿನ ಮಗುವಿನ ಕಷ್ಟ ಬೇರೆ. ಈಗ ತಾನೇ ಓದಬೇಕು. ಕಥೆಗಿಂತ ಮೊದಲು ಲಿಪಿ ಅಡ್ಡ ನಿಂತಿದೆ. ಹೊಸದಾಗಿ ಬರೆಯುವವರು ಹೆಚ್ಚು ಎಡವುವುದೂ ಇಲ್ಲೇ, ಆದ್ದರಿಂದ ಸ್ವಲ್ಪ ನಿಂತು ನೋಡೋಣ. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದದ್ದು. ಅದರಲ್ಲಿ ಮಗು ಅಆಇಈ ಕ್ರಮದಲ್ಲಿ ಕಲಿಯುವುದಿಲ್ಲ. ರ, ಗ, ಸ, ದ, ಅ ಎಂದು ಆರಂಭಿಸಿ, ಕಲಿತ ನಾಲ್ಕೈದು ಅಕ್ಷರಗಳಲ್ಲೇ ಪದ ಕಟ್ಟುತ್ತ ಹೋಗುತ್ತದೆ. ಗುಣಿತ ಆಮೇಲೆ, ಒತ್ತಕ್ಷರ ಇನ್ನೂ ಆಮೇಲೆ. ಇದು ಗೊತ್ತಿಲ್ಲದೆ ಒಂದನೇ ತರಗತಿಯ ಮಗುವಿಗೆ ಬರೆಯಲು ಕೂರಬೇಡಿ.

ಒಂದು ವಾಕ್ಯ ಹೀಗೆ ಬರಬಹುದು: ‘ಕೃಷ್ಣವರ್ಣದ ಆ ಮುದ್ದಾದ ಮೇಕೆಮರಿಯು ಹಸಿವಿನಿಂದ ಆಕ್ರಂದಿಸುತ್ತಿರುವುದನ್ನು ಕಂಡು ಬಸವರಾಜನ ಹೃದಯವು ದ್ರವಿಸಿತು.’ ದ್ರವಿಸಿದ್ದು ಮಗುವಿನ ಧೈರ್ಯ. ಅದನ್ನೇ ಹೀಗೆ ಬರೆಯಿರಿ: ‘ಮರಿ ಬಂತು. ಕರಿ ಮರಿ. ಮರಿಗೆ ಹಾಲು ಬೇಕು. ಬಸು ಹಾಲು ತಂದ. ಮರಿ ಕುಡಿಯಿತು. ಬಾಲ ಕುಣಿಯಿತು.’ ಇದರಲ್ಲಿ ಒಂದೂ ಒತ್ತಕ್ಷರವಿಲ್ಲ, ಮಹಾಪ್ರಾಣವಿಲ್ಲ. ಹಾಗಂತ ಸಪ್ಪೆಯೂ ಅಲ್ಲ. ಕೊನೆಯ ಎರಡು ಪದ ಓದಿದ ಮಗು ನಗುತ್ತದೆ. ಒತ್ತಕ್ಷರವನ್ನು ಪೂರಾ ದೂರವಿಡಬೇಕೆಂದು ನಾನು ಹೇಳುತ್ತಿಲ್ಲ. ಅಮ್ಮ, ಅಪ್ಪ, ಅಕ್ಕ, ಅಜ್ಜಿ ಎಲ್ಲರೂ ಒತ್ತು ಇಟ್ಟುಕೊಂಡೇ ಮನೆಯಲ್ಲಿದ್ದಾರೆ. ಇಂಥ ಸಜಾತೀಯ ಒತ್ತು ಮಗುವಿಗೆ ಬೇಗ ಒಗ್ಗುತ್ತದೆ. ಉತ್ಸಾಹ, ಲಕ್ಷ್ಮಣ, ಸ್ವಾತಂತ್ರ್ಯದಂಥ ವಿಜಾತೀಯ ಒತ್ತುಗಳನ್ನು ಒಂದೊಂದಾಗಿ, ಬೇಕಾದಾಗ ಮಾತ್ರ ತನ್ನಿ. ಇನ್ನೊಂದು ಮಾತನ್ನು ಪುಟ ಕಟ್ಟುವವರಿಗೆ ಹೇಳಿಬಿಡಿ: ಸಾಲಿನ ಕೊನೆಯಲ್ಲಿ ಪದವನ್ನು ತುಂಡರಿಸಿ ಅರ್ಧವನ್ನು ಕೆಳಗಿನ ಸಾಲಿಗೆ ಇಳಿಸಬಾರದು. ನಮಗದು ಅಭ್ಯಾಸವಾಗಿದೆ. ಹೊಸ ಓದುಗನಿಗೆ ಅದು ಎರಡು ಅರ್ಥವಿಲ್ಲದ ಪದ.

ಉದ್ದದ ಅಂದಾಜು ಬೇಕಿದ್ದರೆ ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು ತಮ್ಮ ಸ್ಟೋರಿವೀವರ್ ಕಥೆಗಳಿಗೆ ಇಟ್ಟುಕೊಂಡಿರುವ ಮಟ್ಟಗಳು ನೆರವಾಗುತ್ತವೆ. ಮೊದಲ ಮಟ್ಟಕ್ಕೆ 250 ಪದಗಳೊಳಗೆ, ಎರಡನೆಯದಕ್ಕೆ 600ರವರೆಗೆ, ಮೂರನೆಯದಕ್ಕೆ 1500ರವರೆಗೆ, ನಾಲ್ಕನೆಯದು ಅದಕ್ಕೂ ಮೇಲೆ. ಆದರೆ ಪದ ಎಣಿಸಿದ ಮಾತ್ರಕ್ಕೆ ವಯಸ್ಸು ಸಿಕ್ಕಿತೆಂದುಕೊಳ್ಳಬೇಡಿ. ನಮ್ಮ ಊರುಗಳಲ್ಲಿ ಹತ್ತು ವರ್ಷವಾದರೂ ಒಂದನೇ ಮಟ್ಟದ ಪುಸ್ತಕವನ್ನೇ ತಡವರಿಸಿ ಓದುವ ಮಕ್ಕಳಿದ್ದಾರೆ. ಗುಳೆ ಹೋದ ಮನೆಯ ಮಕ್ಕಳು, ಮನೆಯಲ್ಲಿ ಬೇರೆ ಮಾತು ಶಾಲೆಯಲ್ಲಿ ಕನ್ನಡ ಎನ್ನುವ ಮಕ್ಕಳು. ಅವರ ಕೈಗೆ ಪುಟ್ಟ ಮೊಲದ ಕಥೆ ಕೊಟ್ಟರೆ ನಾಚಿ ಪುಸ್ತಕ ಮುಚ್ಚುತ್ತಾರೆ. ಅಕ್ಷರ ಸುಲಭವಿದ್ದು ಸಂಗತಿ ಮಾತ್ರ ಅವರ ವಯಸ್ಸಿನದೇ ಆಗಿರುವ ಕಥೆಗಳು ಕನ್ನಡದಲ್ಲಿ ತೀರ ಕಡಿಮೆ. ನಿಮ್ಮಲ್ಲಿ ಯಾರಿಗಾದರೂ ಒಂದು ದಾರಿ ಹಿಡಿದು ದುಡಿಯುವ ಮನಸ್ಸಿದ್ದರೆ ಇದನ್ನು ಹಿಡಿಯಿರಿ.

ಎಂಟು ದಾಟಿ ಹನ್ನೊಂದು ಹನ್ನೆರಡರವರೆಗಿನದು ಕಥೆ ನುಂಗುವ ವಯಸ್ಸು. ಈ ಓದುಗರಿಗೆ ಬೇಕಾದದ್ದು ಕೆಲಸ. ಕಥೆಯೊಳಗಿನ ಹುಡುಗ ಹುಡುಗಿಯರು ಏನಾದರೂ ಮಾಡಬೇಕು, ಅವರೇ ಮಾಡಬೇಕು. ಈಗ ಆಡಿನ ಕಥೆಗೆ ಸಂತೆ ಬರಲಿ. ಬಸು ಗೆಳತಿಯೊಬ್ಬಳ ಜೊತೆ ಸೇರಿ ಹೋತವನ್ನು ಹೊಲದ ಗುಡಿಸಲಲ್ಲಿ ಬಚ್ಚಿಡುತ್ತಾನೆ. ಅದು ಅರಚುತ್ತದೆ. ಬಾಯಿ ಮುಚ್ಚಿಸಲು ಮೇವು ಬೇಕು. ಮೇವು ಕದಿಯಲು ಹೋದರೆ ನಾಯಿ ಬೊಗಳುತ್ತದೆ. ಕಡೆಗೆ ಅಪ್ಪನ ಹಿಂದೆಯೇ ಕದ್ದು ಸಂತೆಗೂ ಹೋಗುತ್ತಾರೆ. ಅಲ್ಲಿ ಬಾಯಲ್ಲಿ ದರ ಹೇಳುವುದಿಲ್ಲ. ದಲ್ಲಾಳಿ ಟವೆಲ್ ಹೊದಿಸಿ ಅದರ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುತ್ತಾನೆ. ಆ ಟವೆಲ್ ಕೆಳಗೆ ಏನು ನಡೆಯುತ್ತಿದೆ? ಹತ್ತು ವರ್ಷದ ಓದುಗನಿಗೆ ಇದಕ್ಕಿಂತ ದೊಡ್ಡ ಪತ್ತೇದಾರಿ ಬೇಕೇ? ಇಂಥ ವಿವರವನ್ನು ಕೂತಲ್ಲೇ ಕಲ್ಪಿಸಲಾಗದು. ಸಂತೆಗೆ ಹೋಗಿ ನಿಂತು ನೋಡಬೇಕು.

ವಿವರ ತಪ್ಪಬಾರದು. ಆಡಿಗೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲಿಲ್ಲ. ಚಿತ್ರದಲ್ಲಿ ಅದು ಮೇಲಿನ ಹಲ್ಲು ಕಿರಿದು ನಕ್ಕರೆ ಆಡು ಮೇಯಿಸುವ ಹುಡುಗ ಪುಸ್ತಕವನ್ನು ನೋಡಿ ನಗುತ್ತಾನೆ, ಕಥೆಯನ್ನಲ್ಲ. ಶಿವರಾಮ ಕಾರಂತರು 1936ರಲ್ಲಿ ‘ಬಾಲ ಪ್ರಪಂಚ’ದ ಸಂಪುಟಗಳನ್ನು ತಂದಾಗ ಆಕಾಶದಿಂದ ಪ್ರಾಣಿಲೋಕದವರೆಗೆ ಎಲ್ಲವನ್ನೂ ಮಕ್ಕಳ ಮುಂದಿಟ್ಟರು. ಮಕ್ಕಳು ನಿಜ ತಿಳಿಯಲು ತಕ್ಕವರು ಎಂಬ ಗೌರವ ಅದರಲ್ಲಿತ್ತು. ಕಟ್ಟುಕಥೆ ಬರೆಯುವವರಿಗೂ ಆ ಗೌರವ ಇರಬೇಕು.

ಈ ವಯಸ್ಸಿನ ಕಥೆಗಳನ್ನು ಹೆಚ್ಚಾಗಿ ಕೆಡಿಸುವುದು ಕೊನೆಯ ಪ್ಯಾರಾ. ಮಕ್ಕಳು ಇಡೀ ಕಥೆಯಲ್ಲಿ ಓಡಾಡಿ ಏನೋ ಸಾಧಿಸಿರುತ್ತಾರೆ. ಕೊನೆಗೆ ಒಬ್ಬ ತಾತನೋ ಮೇಷ್ಟರೋ ಬಂದು, ತಲೆ ಸವರಿ, ‘ನೋಡಿದಿರಾ ಮಕ್ಕಳೇ’ ಎಂದು ನೀತಿ ಹೇಳುತ್ತಾರೆ. ಆ ತಾತನನ್ನು ಮನೆಗೆ ಕಳಿಸಿ. 1949ರಿಂದ ಕನ್ನಡದಲ್ಲಿ ಬಂದ ‘ಚಂದಮಾಮ’ದಲ್ಲಿ ತಿಂಗಳು ತಿಂಗಳೂ ಬೇತಾಳನ ಕಥೆ ಇರುತ್ತಿತ್ತು. ಬೇತಾಳ ಕಥೆ ಮುಗಿಸಿ ನೀತಿ ಹೇಳುತ್ತಿರಲಿಲ್ಲ, ಪ್ರಶ್ನೆ ಕೇಳುತ್ತಿತ್ತು. ವಿಕ್ರಮ ಬಾಯಿ ತೆರೆಯುವ ಮೊದಲೇ ಓದುವ ಹುಡುಗರು ತಮ್ಮ ಉತ್ತರ ಹೇಳಿ ಜಗಳಕ್ಕೆ ನಿಲ್ಲುತ್ತಿದ್ದರು. ಹೆಗಲ ಮೇಲಿನ ಆ ಹೆಣಕ್ಕಿದ್ದ ಬುದ್ಧಿ ನಮಗೂ ಇರಲಿ.

ಈಚಿನವರದನ್ನು ಓದದೆ ಬರೆಯಬೇಡಿ. ಬೊಳುವಾರು ಮಹಮದ್ ಕುಂಞಿ ಅವರ ‘ಪಾಪು ಗಾಂಧಿ ಗಾಂಧಿ ಬಾಪು ಆದ ಕತೆ’, ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’, ಕೃಷ್ಣಮೂರ್ತಿ ಬಿಳಿಗೆರೆಯವರ ‘ಛೂಮಂತ್ರಯ್ಯನ ಕಥೆಗಳು’, ಇವೆಲ್ಲ ಬಾಲ ಸಾಹಿತ್ಯ ಪುರಸ್ಕಾರ ಪಡೆದ ಪುಸ್ತಕಗಳು. ಪ್ರಶಸ್ತಿ ಬಂತೆಂದು ಓದಬೇಕಿಲ್ಲ. ಸಿದ್ಧಾಪುರದ ಕಾಡು, ಕುಂದಾಪುರದ ಕಡೆಯ ಊರು, ಧಾರವಾಡದ ಸೀಮೆ, ತುಮಕೂರು ಕಡೆಯ ಬಯಲು, ಒಂದೊಂದು ನೆಲದ ಗಾಳಿ ಬಲ್ಲವರು ಹೇಗೆ ಬರೆಯುತ್ತಾರೆಂದು ತಿಳಿಯಲು ಓದಿ.

ಇನ್ನು ಹದಿಹರೆಯ. ಕನ್ನಡದಲ್ಲಿ ಈ ಕಪಾಟು ಬಹುತೇಕ ಖಾಲಿ. ಹನ್ನೆರಡರವರೆಗೆ ಕಥೆಪುಸ್ತಕ ಹಿಡಿದಿದ್ದ ಮಗು ಹದಿಮೂರಕ್ಕೆ ಒಂದೋ ಓದು ಬಿಡುತ್ತದೆ, ಇಲ್ಲವೇ ಇಂಗ್ಲಿಷಿಗೆ ಹೋಗುತ್ತದೆ, ಇಲ್ಲವೇ ಸೀದಾ ದೊಡ್ಡವರ ಕಾದಂಬರಿಗೆ ಹಾರುತ್ತದೆ. ಹಿಂದೆ ಹೀಗೆ ಹಾರುವವರನ್ನು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಕೈಹಿಡಿಯುತ್ತಿದ್ದ. ಆಮೇಲೆ ಬಂದವರನ್ನು ತೇಜಸ್ವಿ ಹಿಡಿದುಕೊಂಡರು. ಅವರ 1980ರ ‘ಕರ್ವಾಲೊ’ ಹದಿಹರೆಯದವರಿಗೆಂದು ಬರೆದದ್ದಲ್ಲ, ಆದರೂ ಅವರು ಅದನ್ನು ತಮ್ಮದಾಗಿಸಿಕೊಂಡರು. ಯಾಕೆ? ಹೇಳುತ್ತಿರುವವನಿಗೇ ಎಲ್ಲ ಗೊತ್ತಿಲ್ಲ. ಮಂದಣ್ಣನಂಥ ಹಳ್ಳಿ ಹುಡುಗನೂ ವಿಜ್ಞಾನಿಯೂ ಒಂದೇ ಕಾಡಿನಲ್ಲಿ ಒಂದೇ ಹಾರುವ ಓತಿಯ ಹಿಂದೆ ಹೊರಟಿದ್ದಾರೆ. ನಗು ಇದೆ, ಕುತೂಹಲ ಇದೆ, ಬುದ್ಧಿವಾದ ಇಲ್ಲ. ಹುಡುಕಿದ್ದು ಕೊನೆಗೂ ಕೈಗೆ ಸಿಗುವುದಿಲ್ಲ, ಹಾಗೆಂದು ಓದಿದವರು ಬರಿಗೈಯಲ್ಲಿ ಏಳುವುದೂ ಇಲ್ಲ. ಹದಿನೈದರ ಓದುಗ ಕೇಳುವುದು ಇದನ್ನೇ: ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳು, ಎದುರಿಗೆ ನಿಲ್ಲಿಸಿಕೊಂಡು ಹೇಳಬೇಡ.

ಈ ವಯಸ್ಸಿನಲ್ಲಿ ತೀರ್ಪು ಓದುಗನ ಪಾಲು. ಬಸುವಿಗೆ ಈಗ ಹದಿನೈದು. ಅಪ್ಪನಿಗೆ ಹುಷಾರಿಲ್ಲ, ಹೋತವನ್ನು ಮಾರಲು ಅವನೇ ಹೋಗಬೇಕು. ಟವೆಲ್ ಕೆಳಗೆ ಹೋಗಿರುವುದು ಈಗ ಅವನದೇ ಕೈ. ಮಾಂಸದಂಗಡಿಯವನು ಹೆಚ್ಚು ಬೆರಳು ಹಿಡಿಯುತ್ತಾನೆ. ಮಂದೆಗೆ ಹೋತ ಬೇಕೆಂದು ಬಂದ ಕುರಿಗಾಹಿ ಕಡಿಮೆ ಹಿಡಿಯುತ್ತಾನೆ. ಎರಡರ ನಡುವಿನ ವ್ಯತ್ಯಾಸ ಅಕ್ಕನ ಒಂದು ಸೆಮಿಸ್ಟರಿನ ಫೀ. ಅಕ್ಕನೋ, ‘ನನ್ನ ಓದಿನ ಭಾರ ಆ ಮೂಕಪ್ರಾಣಿ ಮ್ಯಾಲೆ ಹಾಕಬ್ಯಾಡ್ರಿ’ ಎಂದು ಹಿಂದಿನ ರಾತ್ರಿ ಅತ್ತಿದ್ದಾಳೆ. ಹುಡುಗ ಯಾರ ಬೆರಳು ಒತ್ತುತ್ತಾನೆ? ಅವನು ಮಾಡಿದ್ದನ್ನು ಬರೆಯಿರಿ. ಅದು ಸರಿಯೋ ತಪ್ಪೋ ಎಂದು ಬರೆಯಬೇಡಿ. ಅವನು ವಾಪಸ್ಸು ಬಸ್ಸಿನಲ್ಲಿ ಖಾಲಿ ಹಗ್ಗ ಹಿಡಿದು ಕೂತಾಗ ಏನನ್ನಿಸಿತು ಎಂಬುದನ್ನೂ ಮೂರು ಪುಟ ವಿವರಿಸಬೇಡಿ. ಆ ವಯಸ್ಸಿನವರಿಗೆ ಅದು ನಿಮಗಿಂತ ಚೆನ್ನಾಗಿ ಗೊತ್ತು.

ಮೊಬೈಲು, ಎಸ್ಸೆಸ್ಸೆಲ್ಸಿ ಅಂಕ, ಮೈಯಲ್ಲಿ ಆಗುವ ಬದಲಾವಣೆ, ಯಾರ ಮೇಲೋ ಮೂಡುವ ಒಲವು, ಊಟಕ್ಕೆ ಕೂತಾಗ ಕೇಳಿಬರುವ ಜಾತಿ, ಇವೆಲ್ಲ ಈ ಕಥೆಗಳೊಳಗೆ ಬರಲಿ, ಬರಲೇಬೇಕು. ಆದರೆ ಸಮಸ್ಯೆಯನ್ನು ಮೊದಲು ಆರಿಸಿಕೊಂಡು ಅದಕ್ಕೊಬ್ಬ ಹುಡುಗಿಯನ್ನು ಹೊಲಿಯಬೇಡಿ. ಹುಡುಗಿ ಮೊದಲು ಬರಲಿ. ಅವಳ ಅಂಗಿಯ ಜೇಬಿನಲ್ಲಿ ಏನಿದೆ, ಅವಳು ಯಾರ ಮೇಲೆ ಮುನಿಸಿಕೊಂಡಿದ್ದಾಳೆ ಎಂಬುದು ಗೊತ್ತಾದರೆ ಸಮಸ್ಯೆ ತಾನಾಗಿ ಹಿಂದೆ ಬರುತ್ತದೆ. ಹುಡುಗರ ಇವತ್ತಿನ ಪಡ್ಡೆ ಮಾತುಗಳನ್ನು ಎಲ್ಲೆಂದರಲ್ಲಿ ಸುರಿಯಲೂ ಹೋಗಬೇಡಿ. ಪುಸ್ತಕ ಅಚ್ಚಾಗಿ ಬರುವಷ್ಟರಲ್ಲಿ ಅವು ಹಳಸಿರುತ್ತವೆ.

ಮಾತಿನ ವಿಷಯಕ್ಕೆ ಬಂದರೆ, ಬಾಗಲಕೋಟೆಯ ಹುಡುಗ ‘ನಾನು ಹೊರಡುತ್ತಿದ್ದೇನೆ’ ಎನ್ನುವುದಿಲ್ಲ, ‘ನಾ ಹೊಂಟೀನಿ’ ಎನ್ನುತ್ತಾನೆ. ಸಂಭಾಷಣೆಯಲ್ಲಿ ಅವನ ಮಾತು ಅವನಿಗಿರಲಿ. ಹೊಸ ಓದುಗರಿಗೆ ಬರೆಯುವಾಗ ಮಾತ್ರ ಕೈ ಬಿಗಿ ಹಿಡಿಯಿರಿ. ಪಾಠದಲ್ಲಿ ಕಂಡ ಪದರೂಪವೇ ಕಥೆಯಲ್ಲೂ ಕಂಡರೆ ಅವರಿಗೆ ಧೈರ್ಯ. ಹತ್ತು ದಾಟಿದವರಿಗೆ ಬೇರೆ ಸೀಮೆಯ ಮಾತು ಕೇಳುವುದೇ ಒಂದು ಮೋಜು.

ಬರೆದಾದ ಮೇಲೆ ಪರೀಕ್ಷೆ. ಮನೆಯ ಮಕ್ಕಳಿಗೆ, ಗೆಳೆಯರ ಮಕ್ಕಳಿಗೆ ಓದಿ ಹೇಳಿದರೆ ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ; ಅದು ಲೆಕ್ಕಕ್ಕಿಲ್ಲ. ಹತ್ತಿರದ ಸರ್ಕಾರಿ ಶಾಲೆಗೆ, ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಹೋಗಿ. ಅಲ್ಲಿನ ಶಿಕ್ಷಕರನ್ನೋ ಮೇಲ್ವಿಚಾರಕರನ್ನೋ ಕೇಳಿ ಅರ್ಧ ಗಂಟೆ ಪಡೆದು, ನಿಮ್ಮನ್ನು ಅರಿಯದ ಮಕ್ಕಳ ಮುಂದೆ ಓದಿ. ‘ಹೇಗಿದೆ’ ಎಂದು ಕೇಳಬೇಡಿ. ನಡುವೆ ನಿಲ್ಲಿಸಿ ‘ಮುಂದೇನಾಗುತ್ತೆ?’ ಎಂದು ಕೇಳಿ. ನೀವು ಬರೆದದ್ದನ್ನೇ ಎಲ್ಲರೂ ಊಹಿಸಿದರೆ ಕಥೆ ಅವರಿಗಿಂತ ಚಿಕ್ಕದು. ಯಾರೂ ಏನೂ ಹೇಳದಿದ್ದರೆ ಕಥೆ ಅವರನ್ನು ಮುಟ್ಟಿಲ್ಲ. ಇಬ್ಬರು ಎರಡು ಉತ್ತರ ಹೇಳಿ ಜಗಳವಾಡಿದರೆ ಸರಿಯಾದ ವಯಸ್ಸಿಗೆ ಬಂದಿದ್ದೀರಿ. ಮಕ್ಕಳ ಕಣ್ಣು ಕಿಟಕಿಯತ್ತ ಹೋದ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಗೀಟು ಹಾಕಿಕೊಳ್ಳಿ. ಮನೆಗೆ ಬಂದು ಆ ಸಾಲಿನ ಮೇಲೆ ಎಷ್ಟೇ ಪ್ರೀತಿ ಇದ್ದರೂ ಹೊಡೆದುಹಾಕಿ.

ಮಕ್ಕಳ ಸಾಹಿತಿ ಎಂಬ ಬಿರುದಿಗೆ ಅವಸರ ಬೇಡ. ಮಕ್ಕಳಿಗೆ ಬರೆಯುವುದು ದೊಡ್ಡವರ ಕಾದಂಬರಿಗೆ ಕೈ ಪಳಗಿಸಿಕೊಳ್ಳುವ ತಾಲೀಮೂ ಅಲ್ಲ. ಹಾಗೆಂದುಕೊಂಡಿದ್ದರೆ ಈಗಲೇ ಬೇರೆ ಕೆಲಸ ನೋಡಿಕೊಳ್ಳಿ. ಮೊದಲ ಪುಟದ ಮೇಲ್ತುದಿಯಲ್ಲಿ ಓದುಗರ ವಯಸ್ಸು ಬರೆದಿಟ್ಟುಕೊಂಡು ಶುರುಮಾಡಿ. ಪ್ರತಿ ಪುಟ ಮುಗಿದಾಗಲೂ ಈ ಪುಟದಲ್ಲಿ ಮಗುವಿಗೆ ಏನು ಕೆಲಸ ಕೊಟ್ಟೆ ಎಂದು ಕೇಳಿಕೊಳ್ಳಿ. ಒಂದು ಪುಸ್ತಕವಾದ ಮೇಲೆ ಅಲ್ಲಿಗೇ ನಿಲ್ಲಬೇಡಿ. ಓದಿ ಮುಗಿಸಿದ ಮಗು ಕೇಳುವ ಮೊದಲ ಪ್ರಶ್ನೆ ‘ಇನ್ನೊಂದಿದೆಯಾ?’ ಎಂಬುದು. ಆ ಹೊತ್ತಿಗೆ ಇಲ್ಲ ಎನ್ನಬಾರದು. ಎರಡನೆಯದನ್ನು ಬೇಗ ಶುರುಮಾಡಿ.